ಸ್ಟೆಂಟ್ ಹಾಕಿಸಿಕೊಂಡ ಅಪ್ಪ ದಿನಾ ರಾತ್ರಿ ವಿಟಮಿನ್ ಇ 400 ನುಂಗುತ್ತಿದ್ದಾರೆ. ನಡೆಯುತ್ತಾ?

ಮತ್ತಿಕೆರೆ ಮಗಳು

ನಮಸ್ಕಾರ. ಇಷ್ಟು ದಿನ ಓದುತ್ತಿದ್ದೆ ಅಷ್ಟೇ, ಬರೆಯುತ್ತಿರುವುದು ಇದೇ ಮೊದಲು.

ವಿಷಯ ನಮ್ಮಪ್ಪನದು. ವಯಸ್ಸು 67. ಎಚ್‌ಎಂಟಿಯ ಟೂಲ್ ರೂಮಿನಲ್ಲಿದ್ದವರು. ರಿಟೈರ್ ಆಗಿ ಎಷ್ಟೋ ವರ್ಷವಾದರೂ ಮನೆಯಲ್ಲಿ ಎಲ್ಲದಕ್ಕೂ ಅಳತೆ ಬೇಕು. ಈ ವರ್ಷ ಶಿವರಾತ್ರಿ ಕಳೆದ ವಾರ ಎದೆನೋವು ಬಂದು ಒಂದು ಸ್ಟೆಂಟ್ ಹಾಕಿದರು. ಆಮೇಲಿನಿಂದ ಆಸ್ಪಿರಿನ್ 75, ಕ್ಲೋಪಿಡೋಗ್ರೆಲ್ 75, ಕೊಲೆಸ್ಟ್ರಾಲ್‌ಗೆ ಒಂದು, ಬಿಪಿಗೆ ಒಂದು. ಅಮ್ಮನ ಹಳೇ ಒಗ್ಗರಣೆ ಡಬ್ಬಿಯನ್ನು ಮಾತ್ರೆ ಡಬ್ಬಿ ಮಾಡಿಕೊಂಡಿದ್ದಾರೆ. ಏಳು ಬಟ್ಟಲು, ಏಳು ದಿನ. ಸೋಮವಾರದ ಬಟ್ಟಲಿಗೆ ಇನ್ನೂ ಸಾಸಿವೆ ವಾಸನೆ ಇದೆ. ಪ್ರತಿ ಭಾನುವಾರ ಸಂಜೆ ಟಿವಿ ಮುಂದೆ ಕೂತು ತುಂಬಿಸುತ್ತಾರೆ.

ಹೋದ ಭಾನುವಾರ ನಾನೂ ಅಲ್ಲೇ ಇದ್ದೆ. ಪ್ರತಿ ಬಟ್ಟಲಲ್ಲೂ ಒಂದೊಂದು ಹಸಿರು ಕ್ಯಾಪ್ಸೂಲ್ ಬೀಳುತ್ತಿದೆ. ಇದೇನಪ್ಪಾ ಅಂದರೆ, "ಅದು ಮಾತ್ರೆ ಅಲ್ಲ ಕಣೇ, ವಿಟಮಿನ್ನು" ಅಂದರು. ಜೆಪಿ ಪಾರ್ಕಿನಲ್ಲಿ ಜೊತೆಗೆ ವಾಕ್ ಮಾಡುವವರು ಹೇಳಿದರಂತೆ, ಹಾರ್ಟಿಗೆ ಒಳ್ಳೇದು, ರಕ್ತನಾಳ ಕ್ಲೀನ್ ಆಗುತ್ತೆ ಅಂತ. ಗಣೇಶನ ಹಬ್ಬದಿಂದ ನಡೆದಿದೆ. ಡಾಕ್ಟರಿಗೆ ಹೇಳಿಲ್ಲ. ಕೇಳಿದರೆ, "ಬೆಂಡೆಕಾಯಿ ತಿಂದೆ ಅಂತ ಡಾಕ್ಟರಿಗೆ ಹೇಳ್ತೀಯಾ?" ಅನ್ನುತ್ತಾರೆ.

ಎರಡು ವಿಷಯ ನನಗೆ ತಲೆ ಕೊರೆಯುತ್ತಿದೆ. ಒಂದು, ಮುಂಗೈ ಮೇಲೆ ಅಲ್ಲಲ್ಲಿ ನೇರಳೆ ಬಣ್ಣದ ಕಲೆ. ತರಕಾರಿ ಚೀಲದ ಹಿಡಿ ಒತ್ತಿದ ಕಡೆಯೆಲ್ಲ ಹಾಗಾಗುತ್ತದೆ. ಶೇವಿಂಗ್ ಮಾಡುವಾಗ ಗೀರಿದರೆ ಒಂದು ಕಾಲು ಗಂಟೆ ಕಾಗದದ ಚೂರು ಅಂಟಿಸಿಕೊಂಡೇ ಓಡಾಡುತ್ತಾರೆ. ಎರಡು, ಬರುವ ಗುರುವಾರ ದವಡೆ ಹಲ್ಲು ಕೀಳಿಸಬೇಕು.

ಗೊತ್ತಿರುವವರು ಹೇಳಿ. ಸುಮ್ನೆ ಹೆದರುತ್ತಿದ್ದೇನಾ, ಅಥವಾ ನಿಜವಾಗಲೂ ಏನಾದರೂ ಇದೆಯಾ?

ವಾಕಿಂಗ್ ರಾಯರು

ಏನೂ ಆಗಲ್ಲ ತಾಯಿ. ನಾನು ಹತ್ತು ವರ್ಷದಿಂದ ತೆಗೆದುಕೊಳ್ಳುತ್ತಿದ್ದೇನೆ, 71 ಈಗ, ದಿನಾ ಐದು ಸುತ್ತು ಹಾಕುತ್ತೇನೆ. ವಿಟಮಿನ್ ಅಂದರೆ ಆಹಾರವೇ. ಜಾಸ್ತಿಯಾದರೆ ಮೂತ್ರದಲ್ಲಿ ಹೋಗುತ್ತದೆ. ಚೀಟಿ ಇಲ್ಲದೆ ಅಂಗಡಿಯಲ್ಲಿ ಸಿಗುತ್ತದೆ ಅಂದಮೇಲೆ ಅದರಲ್ಲಿ ಅಪಾಯ ಏನಿರುತ್ತೆ?

ಕೌಂಟರ್ ಹಿಂದಿನವನು

ರಾಯರೇ, ತಪ್ಪು ತಿಳಿಯಬೇಡಿ. ಆ ಕೊನೆಯ ಮಾತು ದಿನಕ್ಕೆ ನಾಲ್ಕು ಸಲ ಕೇಳುತ್ತೇನೆ. ರಾಜಾಜಿನಗರದಲ್ಲಿ ನಂದು ಮೆಡಿಕಲ್ ಸ್ಟೋರು, 22 ವರ್ಷವಾಯಿತು. ಡಾಕ್ಟರಲ್ಲ, ಡಿ ಫಾರ್ಮ ಓದಿದವನು. ಆ ಹಸಿರು ಕ್ಯಾಪ್ಸೂಲು ಮಾರಿ ನನಗೂ ನಾಲ್ಕು ಕಾಸು ಬರುತ್ತದೆ. ಅದನ್ನು ತಿಳಿದುಕೊಂಡೇ ಮುಂದಿನದು ಓದಿ.

ಮೊದಲು ಮೇಡಂಗೆ ಅವಸರದ ಮಾತು. ಗುರುವಾರದ ಮುಂಚೆ ಅಪ್ಪನ ಹಾರ್ಟ್ ಡಾಕ್ಟರಿಗೆ ಫೋನ್ ಮಾಡಿ, ಈ ಕ್ಯಾಪ್ಸೂಲಿನ ವಿಷಯ ಹೇಳಿ. ಹಲ್ಲಿನ ಡಾಕ್ಟರಿಗೂ ಹೇಳಿ. ಕಲೆ ನೋಡಿ ಹೆದರಿಕೊಂಡು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರ ನೀವಾಗಿ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿ ವರ್ಷ ತುಂಬಿಲ್ಲ. ಆ ಎರಡನ್ನು ತಟ್ಟನೆ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಅದು ಹಲ್ಲಿನ ರಕ್ತಕ್ಕಿಂತ ನೂರು ಪಾಲು ದೊಡ್ಡ ತಾಪತ್ರಯ. ಆ ಎರಡರಿಂದಲೇ ಮುಂಗೈ ಮೇಲೆ ಕಲೆ ಬೀಳುವುದೂ ಉಂಟು. ಹಾಗಾಗಿ ಕ್ಯಾಪ್ಸೂಲೇ ಕಳ್ಳ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಆದರೆ ಅದೂ ಅದೇ ಕೆಲಸಕ್ಕೆ ಕೈ ಜೋಡಿಸುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನು ಕಡಿಮೆ ಮಾಡುತ್ತದೆ, ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ ಮಾಡುವ ಕೆಲಸಕ್ಕೂ ಅಡ್ಡ ಬರುತ್ತದೆ. ಈಗಾಗಲೇ ಇಬ್ಬರು ಬ್ರೇಕ್ ಒತ್ತಿ ಹಿಡಿದಿರುವಾಗ ಮೂರನೆಯವನು ಬಂದು ಕಾಲಿಟ್ಟ ಹಾಗೆ.

ಇದು ನನಗೆ ಪುಸ್ತಕ ಓದಿ ಗೊತ್ತಾದದ್ದಲ್ಲ. ನನ್ನ ಸೋದರಮಾವ, ತುಮಕೂರಿನವರು, ಹೃದಯಕ್ಕೆ ಕೃತಕ ವಾಲ್ವ್ ಹಾಕಿಸಿಕೊಂಡವರು. ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆಯ ಮೇಲಿದ್ದರು. ಒಂದು ಸಲ ಅಂಗಡಿಗೆ ಬಂದು, "ಕಾಲು ಜೋಮು ಹಿಡಿಯುತ್ತೆ ಕಣೋ, ಏನಾದ್ರೂ ಕೊಡು" ಅಂದರು. ಸಂಜೆ ಏಳು ಗಂಟೆ, ಕೌಂಟರ್ ಮುಂದೆ ಎಂಟು ಜನ. ನಾನು ಅತ್ತ ಇತ್ತ ನೋಡದೆ ವಿಟಮಿನ್ ಇ ಎರಡು ಸ್ಟ್ರಿಪ್ ಕಟ್ಟಿಕೊಟ್ಟೆ. ದುಡ್ಡು ಕೂಡ ತಗೊಳ್ಳಲಿಲ್ಲ, ಮಾವ ಅಲ್ವಾ. ಮೂರು ವಾರ ಕಳೆದ ಮೇಲೆ ಅತ್ತೆ ಫೋನ್ ಮಾಡಿದರು, ಹಲ್ಲುಜ್ಜಿದರೆ ನೊರೆ ಕೆಂಪಗೆ ಬರುತ್ತಿದೆ ಅಂತ. ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಟೆಸ್ಟು, ಅಂಕಿ ಏರಿದಷ್ಟೂ ರಕ್ತ ತೆಳು) ಮಾಡಿಸಿದರೆ 5 ದಾಟಿತ್ತು. ಅವರಿಗೆ ಇರಬೇಕಾದದ್ದು 2.5ರಿಂದ 3.5. ಡಾಕ್ಟರು ಬೇರೆ ಏನು ತಗೋತೀರಿ ಅಂತ ಕೇಳಿದಾಗ ಮಾವ ಬಹಳ ಹೆಮ್ಮೆಯಿಂದ, "ನಮ್ಮ ಅಳಿಯ ಶಕ್ತಿಗೆ ಕೊಟ್ಟಿದ್ದಾನೆ" ಅಂದರಂತೆ. ಅದೇ ದಿನಗಳಲ್ಲಿ ಅವರು ಸೊಪ್ಪು ತಿನ್ನುವುದನ್ನೂ ಬಿಟ್ಟಿದ್ದರು, ಸೊಪ್ಪಿನ ವಿಟಮಿನ್ ಕೆ ತಪ್ಪಿದರೂ ಐಎನ್‌ಆರ್ ಏರುತ್ತದೆ. ಹಾಗಾಗಿ ಯಾವುದರ ಪಾಲು ಎಷ್ಟು ಅಂತ ತೂಗಲಿಕ್ಕೆ ಆಗಲಿಲ್ಲ. ಕ್ಯಾಪ್ಸೂಲ್ ನಿಲ್ಲಿಸಿ, ವಾರ್ಫರಿನ್ ಎರಡು ದಿನ ತಡೆದು, ಊಟ ಮೊದಲಿನ ಹಾಗೆ ಮಾಡಿದ ಮೇಲೆ ಸರಿಹೋಯಿತು. ಆ ಫೋನಿನ ನಂತರ ನಾನು ಯಾರಿಗೂ ವಿಟಮಿನ್ ಇ ಕೊಡುವಾಗ "ರಕ್ತ ತೆಳು ಮಾಡುವ ಮಾತ್ರೆ ಏನಾದರೂ ಇದೆಯಾ" ಅಂತ ಕೇಳದೆ ಕೊಟ್ಟಿಲ್ಲ. ಗಿರಾಕಿಗಳು ನನ್ನನ್ನು ಪೊಲೀಸನ ಥರ ನೋಡುತ್ತಾರೆ.

ಈಗ ರಾಯರ ಮಾತಿಗೆ. ಮೂತ್ರದಲ್ಲಿ ಹೋಗುವುದು ಬಿ ಮತ್ತು ಸಿ. ಇದು ಎಣ್ಣೆಯಲ್ಲಿ ಕರಗುವ ವಿಟಮಿನ್, ಮೈಯ ಕೊಬ್ಬಿನಲ್ಲಿ ಉಳಿದುಕೊಳ್ಳುತ್ತದೆ. ಇನ್ನು ಅದು ಆಹಾರದ ಅಳತೆಯೂ ಅಲ್ಲ. ದೊಡ್ಡವರಿಗೆ ದಿನಕ್ಕೆ 15 ಮಿಲಿಗ್ರಾಂ ಸಾಕು ಅಂತ ಅಮೆರಿಕದ ಲೆಕ್ಕ. ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ಡಿಎಲ್-ಆಲ್ಫಾ ಟೋಕೋಫೆರಿಲ್ ಅಸಿಟೇಟ್ ಅಂತ ಬರೆದಿದ್ದರೆ ಅದು ಕಾರ್ಖಾನೆಯಲ್ಲಿ ಮಾಡಿದ ಬಗೆ. ಅದರ 400 ಯೂನಿಟ್‌ನಲ್ಲಿ (ಐಯು ಅನ್ನುವ ಅಳತೆ) ದೇಹ ಬಳಸಿಕೊಳ್ಳುವುದು ಸುಮಾರು 180 ಮಿಲಿಗ್ರಾಂ. ಆದರೂ ಒಂದು ದಿನಕ್ಕೆ ಬೇಕಾದದ್ದರ ಹನ್ನೆರಡು ಪಟ್ಟು ಆಯಿತು. ಬೆಂಡೆಕಾಯಿ ಹೋಲಿಕೆ ಕೊಟ್ಟ ಅಪ್ಪನಿಗೆ ಹೇಳಿ, ಯಾರೂ ಹೊತ್ತಿಗೆ ಮೂರು ಕೆಜಿ ಬೆಂಡೆಕಾಯಿ ತಿನ್ನುವುದಿಲ್ಲ ಅಂತ. ಟೂಲ್ ರೂಮಿನವರಲ್ವಾ, ಅಳತೆ ಹೇಳಿದರೆ ಒಪ್ಪಬಹುದು.

ವಾಕಿಂಗ್ ರಾಯರು

ಹಾಗಾದರೆ ಹಾರ್ಟಿಗೆ ಒಳ್ಳೇದು ಅನ್ನುವುದು ಪೂರ್ತಿ ಸುಳ್ಳಾ? ನಾನು ಪತ್ರಿಕೆಯಲ್ಲೇ ಓದಿದ್ದೆ. ಯಾರೋ ದಾರಿಹೋಕ ಹೇಳಿದ್ದಲ್ಲ. ಡಾಕ್ಟರುಗಳೇ ಬರೆದುಕೊಡುತ್ತಾರಲ್ಲ?

ಕೌಂಟರ್ ಹಿಂದಿನವನು

ನೀವು ಓದಿದ್ದು ನಿಜ ಸರ್. 1993ರಲ್ಲಿ ಅಮೆರಿಕದಲ್ಲಿ ಎರಡು ದೊಡ್ಡ ಅಧ್ಯಯನ ಬಂದವು. ಒಂದು 87 ಸಾವಿರಕ್ಕೂ ಮೇಲ್ಪಟ್ಟು ನರ್ಸುಗಳ ಮೇಲೆ, ಇನ್ನೊಂದು ವೈದ್ಯಕೀಯ ಕೆಲಸದಲ್ಲಿದ್ದ ಗಂಡಸರ ಮೇಲೆ. ವಿಟಮಿನ್ ಇ ತೆಗೆದುಕೊಳ್ಳುವವರಿಗೆ ಹೃದಯದ ಕಾಯಿಲೆ ಕಡಿಮೆ ಅಂತ ಕಂಡಿತು. ಕೆಟ್ಟ ಕೊಲೆಸ್ಟ್ರಾಲು ರಕ್ತನಾಳದಲ್ಲಿ ತುಕ್ಕು ಹಿಡಿದ ಹಾಗೆ ಕೆಡುವುದನ್ನು ಇದು ತಡೆಯುತ್ತೆ ಅನ್ನುವ ವಿವರಣೆಯೂ ಕೇಳಲು ಸೊಗಸಾಗಿತ್ತು. ಆದರೆ ತಾವಾಗಿ ವಿಟಮಿನ್ ಕೊಂಡು ನುಂಗುವವರು ಎಂಥವರು ಹೇಳಿ? ವಾಕ್ ಮಾಡುವವರು, ಸಿಗರೇಟು ಬಿಟ್ಟವರು, ತೂಕ ನೋಡಿಕೊಳ್ಳುವವರು. ನಿಮ್ಮ ಥರದವರು. ಐದು ಸುತ್ತಿನ ಪುಣ್ಯ ಕ್ಯಾಪ್ಸೂಲಿಗೆ ಹೋಗಿಬಿಡುತ್ತದೆ.

ಆಮೇಲೆ ಸರಿಯಾಗಿ ಪರೀಕ್ಷೆ ಮಾಡಿದರು. ಅರ್ಧ ಜನಕ್ಕೆ ನಿಜವಾದ ಕ್ಯಾಪ್ಸೂಲು, ಅರ್ಧ ಜನಕ್ಕೆ ಖಾಲಿಯದು, ಯಾರಿಗೆ ಯಾವುದು ಅಂತ ಯಾರಿಗೂ ಗೊತ್ತಿಲ್ಲ. ಹೃದಯದ ವಿಷಯದಲ್ಲಿ ಹೆಸರಾದದ್ದು ಹೋಪ್ ಅನ್ನುವ ಪರೀಕ್ಷೆ. ಅದರ ಮುಂದಾಳು ಸಲೀಂ ಯೂಸುಫ್, ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಓದಿ ಆಮೇಲೆ ಕೆನಡಾದಲ್ಲಿ ನೆಲೆಸಿದವರು. ನಮ್ಮ ಕೋರಮಂಗಲದ ದಾರಿಯಲ್ಲಿ ಓಡಾಡಿದವರೇ ಈ ಕ್ಯಾಪ್ಸೂಲಿನ ಬಂಡವಾಳ ಬಯಲಿಗೆ ತಂದರು ಅಂತ ನನಗೆ ಒಂಥರಾ ಖುಷಿ. 55 ದಾಟಿದ, ಹೃದಯದ ಕಾಯಿಲೆಯೋ ಸಕ್ಕರೆ ಕಾಯಿಲೆಯೋ ಇದ್ದ 9,500ಕ್ಕೂ ಹೆಚ್ಚು ಜನ. ದಿನಕ್ಕೆ 400, ನಾಲ್ಕೂವರೆ ವರ್ಷ. 2000ದಲ್ಲಿ ಫಲಿತಾಂಶ ಬಂತು, ಹಾರ್ಟ್ ಅಟ್ಯಾಕೂ ಕಡಿಮೆಯಾಗಿಲ್ಲ, ಸ್ಟ್ರೋಕೂ ಕಡಿಮೆಯಾಗಿಲ್ಲ. ಅದೇ ಜನರನ್ನು ಇನ್ನೂ ಕೆಲವು ವರ್ಷ ನೋಡಿದಾಗ, 2005ರಲ್ಲಿ, ಕ್ಯಾಪ್ಸೂಲ್ ತೆಗೆದುಕೊಂಡವರಲ್ಲಿ ಹಾರ್ಟ್ ಫೇಲ್ಯೂರ್ ಸ್ವಲ್ಪ ಜಾಸ್ತಿಯೇ ಕಂಡಿತು. ಮೇಡಂ, ಆ ಪರೀಕ್ಷೆಯಲ್ಲಿದ್ದವರು ನಿಮ್ಮ ಅಪ್ಪನ ಥರದವರೇ.

ಇನ್ನೊಂದು, ಗಂಡಸರು ಗಮನ ಕೊಡಬೇಕಾದದ್ದು. ಸೆಲೆಕ್ಟ್ ಅಂತ ಒಂದು ಪರೀಕ್ಷೆ, 35,533 ಗಂಡಸರು. ಪ್ರಾಸ್ಟೇಟ್ ಕ್ಯಾನ್ಸರ್ ತಡೆಯುತ್ತಾ ಅಂತ ನೋಡಲಿಕ್ಕೆ ಶುರು ಮಾಡಿದ್ದು. ಅವರು ಕೊಟ್ಟದ್ದೂ ಇದೇ ಬಗೆ, ಇದೇ 400. 2011ರಲ್ಲಿ ನೋಡಿದರೆ ತಡೆಯುವುದಿರಲಿ, ಶೇಕಡಾ 17 ಜಾಸ್ತಿಯಾಗಿತ್ತು. ಲೆಕ್ಕ ಬಿಡಿಸಿದರೆ, ಏಳು ವರ್ಷದಲ್ಲಿ ಸಾವಿರ ಜನಕ್ಕೆ ಖಾಲಿ ಕ್ಯಾಪ್ಸೂಲಿನವರಲ್ಲಿ 65, ವಿಟಮಿನ್ ಇ ನವರಲ್ಲಿ 76. ಹತ್ತು ವರ್ಷ ನುಂಗಿದವರಿಗೆಲ್ಲ ಬಂದೇ ಬರುತ್ತದೆ ಅಂತ ಅಲ್ಲ. ಸಾವಿರಕ್ಕೆ ಹನ್ನೊಂದು. ಆದರೆ ಆ ಕಡೆ ಲಾಭದ ಖಾನೆ ಖಾಲಿ ಇರುವಾಗ ಈ ಹನ್ನೊಂದು ಯಾಕೆ ಬೇಕು?

ರಕ್ತದ ವಿಷಯಕ್ಕೂ ಒಂದು. ಅಮೆರಿಕದಲ್ಲಿ 14 ಸಾವಿರ ಚಿಲ್ಲರೆ ಗಂಡು ಡಾಕ್ಟರುಗಳು ತಾವೇ ಪರೀಕ್ಷೆಗೆ ಕೂತರು, ದಿನ ಬಿಟ್ಟು ದಿನ 400. ಮೆದುಳಲ್ಲಿ ರಕ್ತಸ್ರಾವ ಆಗುವ ಸ್ಟ್ರೋಕು ಖಾಲಿಯವರಲ್ಲಿ 23 ಜನಕ್ಕೆ, ವಿಟಮಿನ್ ನವರಲ್ಲಿ 39 ಜನಕ್ಕೆ. ಒಟ್ಟು ಜನಕ್ಕೆ ಹೋಲಿಸಿದರೆ ಕಡಿಮೆಯೇ. ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ನುಂಗುವ ಮನುಷ್ಯನಿಗೆ ಅದನ್ನು ಕಡಿಮೆ ಅಂತ ನಾನು ಹೇಳುವುದಿಲ್ಲ.

ಡಾಕ್ಟರು ಯಾಕೆ ಬರೆಯುತ್ತಾರೆ ಅನ್ನುವುದಕ್ಕೆ ಕಾರಣಗಳಿವೆ. ಕೊಬ್ಬು ಜೀರ್ಣವಾಗದ ಕಾಯಿಲೆಯವರಿಗೆ ಈ ವಿಟಮಿನ್ ನಿಜವಾಗಲೂ ಕಡಿಮೆಯಾಗಿ ನರ ಕೆಡುತ್ತದೆ, ಅವರಿಗೆ ಬೇಕೇ ಬೇಕು. ವಯಸ್ಸಾದವರ ಕಣ್ಣಿನ ಮ್ಯಾಕುಲಾ (ಕಣ್ಣಿನ ಒಳಪರದೆಯ ನಡುಭಾಗ) ತೊಂದರೆಗೆ ಸತು, ವಿಟಮಿನ್ ಸಿ ಜೊತೆ ಸೇರಿಸಿ ಕೊಡುವುದಿದೆ. ಲಿವರಿಗೂ ಇದೆ. ಇನ್ನು ಕೆಲವರು, ಏನಾದರೂ ಬರೆಯದಿದ್ದರೆ ಪೇಷಂಟಿಗೆ ಸಮಾಧಾನ ಇಲ್ಲ ಅಂತಲೂ ಬರೆಯುತ್ತಾರೆ. ಅದನ್ನು ನಾನು ಹೇಳಬಾರದು, ಹೇಳಿಬಿಟ್ಟೆ.

ನಾಗರಭಾವಿ ಲಿವರ್

ಲಿವರ್ ಅಂದದ್ದಕ್ಕೆ ಬರೆಯುತ್ತಿದ್ದೇನೆ. ನಾನು ಕುಡಿಯುವವನಲ್ಲ. ಐಟಿ ಕೆಲಸ, ಕುರ್ಚಿ, ರಾತ್ರಿ ಹನ್ನೊಂದಕ್ಕೆ ಬಿರಿಯಾನಿ. ಫ್ಯಾಟಿ ಲಿವರ್ ಮುಂದುವರಿದು ಊತಕ್ಕೆ ತಿರುಗಿತ್ತು. ಬಯಾಪ್ಸಿ ಮಾಡಿಸಿದ ಮೇಲೆ ಡಾಕ್ಟರು ದಿನಕ್ಕೆ 800 ವಿಟಮಿನ್ ಇ ಕೊಟ್ಟಿದ್ದಾರೆ. ಇದನ್ನೆಲ್ಲ ಓದಿ ಈಗ ನನಗೇ ಕೈ ನಡುಗುತ್ತಿದೆ. ಬಿಡಲಾ?

ಕೌಂಟರ್ ಹಿಂದಿನವನು

ಅಯ್ಯೋ, ಬಿಡಬೇಡಿ ಮಾರಾಯರೇ. ಅದಕ್ಕೇ ನಾನು ಇಂಥದ್ದನ್ನು ಬರೆಯಲು ಹಿಂದೇಟು ಹಾಕುವುದು. ನಿಮ್ಮದು ಬೇರೆ ಕಥೆ. 2010ರಲ್ಲಿ ಪಿವೆನ್ಸ್ ಅಂತ ಪರೀಕ್ಷೆ ಬಂತು, ಸಕ್ಕರೆ ಕಾಯಿಲೆ ಇಲ್ಲದ, ಲಿವರಿನಲ್ಲಿ ಊತ ಇದ್ದವರಿಗೆ ದಿನಕ್ಕೆ 800, 96 ವಾರ. ನೂರಕ್ಕೆ 43 ಜನರ ಲಿವರ್ ಸುಧಾರಿಸಿತು, ಖಾಲಿ ಕ್ಯಾಪ್ಸೂಲಿನವರಲ್ಲಿ 19. ಅದು ಲಾಭವೇ. ನಿಮಗೆ ಬಯಾಪ್ಸಿ ಆಗಿದೆ, ನಿಮ್ಮ ಡಾಕ್ಟರಿಗೆ ಗೊತ್ತಿದೆ, ಅವರು ಮತ್ತೆ ಕರೆದು ನೋಡುತ್ತಾರೆ. ಮುಂದಿನ ಸಲ ಹೋದಾಗ ಎಷ್ಟು ದಿನ ತಗೋಬೇಕು, ಪ್ರಾಸ್ಟೇಟ್ ವಿಷಯ ಏನು ಅಂತ ಕೇಳಿ. ಸ್ಕ್ಯಾನಿನಲ್ಲಿ ಫ್ಯಾಟಿ ಲಿವರ್ ಗ್ರೇಡ್ ಒನ್ ಅಂತ ಬಂದ ತಕ್ಷಣ ತಾವೇ ಬಂದು, "ಲಿವರಿಗೆ ಹಸಿರುದು ಕೊಡಿ" ಅನ್ನುವವರಿಗೆ ಮಾತ್ರ ನನ್ನ ತಕರಾರು. ಬಿರಿಯಾನಿ ಬಗ್ಗೆ ನಾನೇನೂ ಹೇಳುವುದಿಲ್ಲ, ನಂದೂ ಅದೇ ಹಾಡು.

ಬಿಟಿಎಂ ಪಿಜಿ ಹುಡುಗಿ

ಇದೇ ಕ್ಯಾಪ್ಸೂಲನ್ನು ನುಂಗದೆ ಮುಖಕ್ಕೆ ಹಚ್ಚಿಕೊಂಡವಳು ನಾನು. ನಮ್ಮ ಪಿಜಿಯಲ್ಲಿ ಮೂರನೇ ಮಹಡಿಯ ಹುಡುಗಿಯರೆಲ್ಲ ರಾತ್ರಿ ಸೇಫ್ಟಿ ಪಿನ್ನಿನಿಂದ ಚುಚ್ಚಿ, ಲೋಳೆಸರದ ಜೆಲ್ಲಿಗೆ ಬೆರೆಸಿ ಹಚ್ಚಿಕೊಳ್ಳುತ್ತಿದ್ದೆವು. ಜೇನಿನಷ್ಟು ಗಟ್ಟಿ, ದಿಂಬಿನ ಬಟ್ಟೆಗೆಲ್ಲ ಅಂಟು. ನನಗೆ ಮೊಡವೆ ಕಲೆ ಹೋಗಬೇಕಿತ್ತು. ನಾಲ್ಕನೇ ದಿನಕ್ಕೆ ಕೆನ್ನೆ ಕೆಂಪಗೆ ಊದಿಕೊಂಡು ಮಾಸ್ಕ್ ಹಾಕಿಕೊಂಡು ಆಫೀಸಿಗೆ ಹೋದೆ. ಚರ್ಮದ ಡಾಕ್ಟರು ಅದನ್ನು ಕಾಂಟ್ಯಾಕ್ಟ್ ಡರ್ಮಟೈಟಿಸ್ ಅಂದರು, ಅಂದರೆ ತಾಗಿದ ವಸ್ತುವಿನಿಂದ ಚರ್ಮ ಕೆರಳುವುದು. ಎರಡು ವಾರ ಆಯಿಂಟ್‌ಮೆಂಟ್. ಉಳಿದ ಹುಡುಗಿಯರಿಗೆ ಏನೂ ಆಗಲಿಲ್ಲ, ಅವರ ಮೊಡವೆ ಕಲೆಗೂ ಏನೂ ಆಗಲಿಲ್ಲ.

ಕೌಂಟರ್ ಹಿಂದಿನವನು

ನನ್ನ ಅಂಗಡಿಯಲ್ಲಿ ಅರ್ಧಕ್ಕರ್ಧ ಸ್ಟ್ರಿಪ್ ಹೋಗುವುದು ಹೀಗೇ. ಕೊಳ್ಳುವಾಗಲೇ ಗೊತ್ತಾಗುತ್ತದೆ, ಜೊತೆಗೆ ರೋಸ್ ವಾಟರ್ ಕೇಳುತ್ತಾರೆ. 1999ರಲ್ಲಿ ಮಯಾಮಿಯಲ್ಲಿ ಆಪರೇಷನ್ ಗಾಯದ ಕಲೆಗೆ ಹಚ್ಚಿ ನೋಡಿದ್ದರು. ಸಣ್ಣ ಅಧ್ಯಯನ, ಹದಿನೈದೇ ಜನ. ನೂರಕ್ಕೆ ತೊಂಬತ್ತು ಪಾಲು ಕಲೆಗೆ ಏನೂ ಆಗಲಿಲ್ಲ ಅಥವಾ ಇನ್ನೂ ಕೆಟ್ಟಿತು, ಮೂರರಲ್ಲಿ ಒಂದು ಪಾಲು ಜನಕ್ಕೆ ನಿಮಗಾದದ್ದೇ ಆಯಿತು. ನುಂಗಲಿಕ್ಕೆ ಮಾಡಿದ್ದನ್ನು ಮುಖಕ್ಕೆ ಹಚ್ಚಿದರೆ ಎಷ್ಟು ಹಚ್ಚಿದಿರಿ ಅನ್ನುವುದಕ್ಕೂ ಲೆಕ್ಕ ಇರುವುದಿಲ್ಲ.

ಮತ್ತಿಕೆರೆ ಮಗಳು

ಎಲ್ಲರಿಗೂ ಥ್ಯಾಂಕ್ಸ್. ಏನಾಯಿತು ಅಂತ ಹೇಳಿಬಿಡುತ್ತೇನೆ.

ಸೋಮವಾರವೇ ಹಾರ್ಟ್ ಡಾಕ್ಟರಿಗೆ ಫೋನ್ ಮಾಡಿದೆ. ವಿಟಮಿನ್ ಇ ಇವತ್ತೇ ನಿಲ್ಲಿಸಿ, ಉಳಿದದ್ದು ಒಂದೂ ಬಿಡಬೇಡಿ ಅಂದರು. ಹಲ್ಲು ಕೀಳುವುದನ್ನು ಹತ್ತು ದಿನ ಮುಂದೆ ಹಾಕಿಸಿದರು. ಅಷ್ಟರಲ್ಲಿ ಬ್ಲಡ್ ಟೆಸ್ಟ್ ಕೂಡ ಆಯಿತು, ಅದರಲ್ಲಿ ತೊಂದರೆ ಇರಲಿಲ್ಲ. ನಿನ್ನೆ ಹಲ್ಲು ಕಿತ್ತರು. ಹೊಲಿಗೆ ಹಾಕಿ, ಹತ್ತಿ ಕಚ್ಚಿಸಿ ಒಂದು ಗಂಟೆ ಕೂರಿಸಿಕೊಂಡರು. ರಕ್ತ ನಿಂತಿತು.

ಅಪ್ಪನನ್ನು ಒಪ್ಪಿಸಿದ್ದು ಡಾಕ್ಟರಲ್ಲ, ಆ 15 ಮತ್ತು 180. ಕಾಗದ ಪೆನ್ನು ತಗೊಂಡು ಭಾಗಿಸಿ ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ಟಾಲರೆನ್ಸ್ ಬಿಟ್ಟು ಕೆಲಸ ಮಾಡಿದ್ರೆ ನಮ್ಮ ಫೋರ್‌ಮನ್ ಮನೆಗೆ ಕಳಿಸ್ತಿದ್ರು" ಅಂದರು. ಆಮೇಲೆ ಹಾಗಾದರೆ ಊಟದಲ್ಲಿ ಎಷ್ಟು ಬರುತ್ತದೆ ಅಂತ ಹುಡುಕಲು ಕೂರಿಸಿದರು. ನಮ್ಮನೆಯ ಸೂರ್ಯಕಾಂತಿ ಎಣ್ಣೆಯ ಒಂದು ದೊಡ್ಡ ಚಮಚದಲ್ಲಿ ಐದೂವರೆ ಮಿಲಿಗ್ರಾಂ ಇದೆಯಂತೆ, ಒಂದು ಹಿಡಿ ಬಾದಾಮಿಯಲ್ಲಿ ಏಳು, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ ಎರಡು ಚಿಲ್ಲರೆ. ಬಾದಾಮಿಯ ರೇಟು ನೋಡಿ ಕಡಲೆಕಾಯಿಗೇ ಬಂದು ನಿಂತರು. ಬಸವನಗುಡಿ ಪರಿಷೆ ಹತ್ತಿರ ಬರುತ್ತಿದೆ, ಎರಡು ಸೇರು ತರುತ್ತಾರಂತೆ. ಉಪ್ಪು ಹಾಕಿ ಬೇಯಿಸಬೇಡಿ ಅಂತ ಈಗಿನಿಂದಲೇ ಜಗಳ ಶುರು ಮಾಡಿದ್ದೇನೆ, ಬಿಪಿ ಇದೆ ಅಲ್ವಾ.

ಮುಂಗೈ ಕಲೆ ಪೂರ್ತಿ ಹೋಗಿಲ್ಲ. ಹೊಸದು ಕಡಿಮೆಯಾಗಿದೆ ಅನಿಸುತ್ತದೆ, ಆದರೆ ಅನಿಸುತ್ತದೆ ಅಷ್ಟೇ.

ಕೌಂಟರ್ ಸರ್, ಅಪ್ಪನದೊಂದು ಪ್ರಶ್ನೆ. ಬಟ್ಟಲುಗಳಿಂದ ಏಳು ಕ್ಯಾಪ್ಸೂಲ್ ಹೊರಗೆ ತೆಗೆದಿದ್ದಾರೆ, ಇನ್ನೊಂದು ಸ್ಟ್ರಿಪ್ ಒಡೆದೇ ಇಲ್ಲ. ಅಂಗಡಿಯವರು ವಾಪಸ್ ತಗೋತಾರಾ?

ಕೌಂಟರ್ ಹಿಂದಿನವನು

ಒಡೆಯದ ಸ್ಟ್ರಿಪ್, ಬಿಲ್ ಇದ್ದರೆ ಎಲ್ಲಿ ಕೊಂಡರೋ ಅಲ್ಲೇ ಕೇಳಿ ನೋಡಿ. ತಗೊಂಡರೂ ತಗೊಳ್ಳಬಹುದು. ಬಟ್ಟಲಿನ ಏಳನ್ನು ಯಾರೂ ತಗೊಳ್ಳಲ್ಲ. ಸಾಸಿವೆ ವಾಸನೆ ಬರುತ್ತೆ.